ಬಜೆಟ್ಟಿನ ಗುಟ್ಟು, ಕೂಲಿಯ ಲೆಕ್ಕ, ಮೇಲ್ಮನೆಯ ಪಾಲು

ಬಜೆಟ್ ಮಂಡನೆಯಾಗುವ ಗಳಿಗೆಯವರೆಗೆ ಅದರ ಒಳವಿವರ ಹೊರಬೀಳಬಾರದು ಎಂಬ ಕಟ್ಟಳೆ ಭಾರತಕ್ಕೆ ಬ್ರಿಟನ್ನಿನಿಂದ ಬಂದದ್ದು. ಸಂವಿಧಾನದಲ್ಲಿ ಇದರ ಪ್ರಸ್ತಾಪವಿಲ್ಲ. ವರ್ಷದ ಜಮಾಖರ್ಚಿನ ಅಂದಾಜನ್ನು ಸಂಸತ್ತಿನ ಮುಂದಿಡುವ ಹೊಣೆಯನ್ನು 112ನೇ ವಿಧಿ ಕೇಂದ್ರ ಸರ್ಕಾರಕ್ಕೆ ಹೊರಿಸುತ್ತದೆ. ರಾಜ್ಯಗಳಿಗೆ ಅದೇ ಹೊಣೆ 202ನೇ ವಿಧಿಯಿಂದ ಬಂದಿದೆ. ಮಂಡನೆಗೆ ಮುಂಚೆ ಯಾರಿಗೂ ತಿಳಿಯಬಾರದೆಂಬುದು ರೂಢಿ ಮಾತ್ರ. ಆ ರೂಢಿಗೆ ಬಲವಾದ ಕಾರಣವೂ ಇತ್ತು. ನಾಳೆಯಿಂದ ಸಿಗರೇಟಿನ ಮೇಲೋ ಸಕ್ಕರೆಯ ಮೇಲೋ ಸುಂಕ ಏರುತ್ತದೆಂದು ಇಂದೇ ಗೊತ್ತಾದ ವ್ಯಾಪಾರಿ ಸರಕನ್ನು ಗೋದಾಮಿನಲ್ಲಿ ಪೇರಿಸಿಟ್ಟು ರಾತ್ರೋರಾತ್ರಿ ಲಾಭ ಮಾಡಿಕೊಳ್ಳಬಲ್ಲ. ಆ ಲಾಭವನ್ನು ಏನೂ ತಿಳಿಯದ ಕೊಳ್ಳುವವರು ಕಟ್ಟಿಕೊಡಬೇಕಾಗುತ್ತದೆ.

ಬ್ರಿಟನ್ನಿನಲ್ಲಿ ಈ ರೂಢಿ ಎಷ್ಟು ಬಿಗಿಯಾಗಿತ್ತೆಂದರೆ, 1947ರ ನವೆಂಬರ್ 12ರಂದು ಅಲ್ಲಿನ ಹಣಕಾಸು ಮಂತ್ರಿ ಹ್ಯೂ ಡಾಲ್ಟನ್ ಸದನಕ್ಕೆ ಹೋಗುವ ದಾರಿಯಲ್ಲಿ ಪರಿಚಯದ ಪತ್ರಕರ್ತರೊಬ್ಬರಿಗೆ ತೆರಿಗೆ ಬದಲಾವಣೆಯ ಕುರಿತು ನಾಲ್ಕು ಮಾತು ಹೇಳಿದ್ದೇ ಅವರ ಹುದ್ದೆಗೆ ಮುಳುವಾಯಿತು. ಭಾಷಣ ಆ ಭಾಗಕ್ಕೆ ಬರುವ ಮೊದಲೇ ಸಂಜೆ ಪತ್ರಿಕೆಯೊಂದರಲ್ಲಿ ಸುದ್ದಿ ಅಚ್ಚಾಗಿತ್ತು. ಮರುದಿನವೇ ಡಾಲ್ಟನ್ ರಾಜೀನಾಮೆ ಕೊಟ್ಟರು. ಅದೇ ತಿಂಗಳ 26ರಂದು ಆರ್.ಕೆ. ಷಣ್ಮುಖಂ ಚೆಟ್ಟಿ ಸ್ವತಂತ್ರ ಭಾರತದ ಮೊದಲ ಬಜೆಟ್ ಮಂಡಿಸಿದರು. 1950ರಲ್ಲಿ, ರಾಷ್ಟ್ರಪತಿ ಭವನದ ಮುದ್ರಣಾಲಯದಲ್ಲಿ ಅಚ್ಚಾಗುತ್ತಿದ್ದಾಗ, ಬಜೆಟ್ಟಿನ ಒಂದು ಭಾಗ ಸೋರಿಹೋಯಿತು. ಆಮೇಲೆ ಮುದ್ರಣವನ್ನು ಮಿಂಟೋ ರಸ್ತೆಗೆ, 1980ರಲ್ಲಿ ನಾರ್ತ್ ಬ್ಲಾಕಿನ ನೆಲಮಾಳಿಗೆಗೆ ಒಯ್ದರು. ಅಚ್ಚಿನ ಕೆಲಸ ಶುರುವಾಗುವಾಗ ಹಲ್ವಾ ಹಂಚಿದ ಮೇಲೆ ಮುದ್ರಣದ ಸಿಬ್ಬಂದಿ ಮನೆಗೆ ಹೋಗದೆ, ಫೋನು ಮುಟ್ಟದೆ ಅಲ್ಲೇ ಉಳಿಯುವ ಪದ್ಧತಿ ಬೆಳೆಯಿತು. ಈ ಗುಟ್ಟಿಗೆ 1923ರ ಅಧಿಕೃತ ರಹಸ್ಯ ಕಾಯ್ದೆಯ ಕಾವಲೂ ಇದೆ.

ಇಂದು ಈ ಗುಟ್ಟಿನ ಒಳಗೆ ಉಳಿದಿರುವುದು ಕಡಿಮೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಬಹುಪಾಲು ಸರಕುಗಳ ತೆರಿಗೆ ದರವನ್ನು ನಿರ್ಧರಿಸುವುದು ಕೇಂದ್ರ ಮತ್ತು ರಾಜ್ಯಗಳ ಮಂತ್ರಿಗಳು ಒಟ್ಟಿಗೆ ಕೂರುವ ಜಿಎಸ್‌ಟಿ ಮಂಡಳಿ. ರಾಜ್ಯದ ಕೈಯಲ್ಲಿ ಉಳಿದವು ಪೆಟ್ರೋಲ್, ಡೀಸೆಲ್ ಮತ್ತು ಮದ್ಯದ ತೆರಿಗೆ, ಮುದ್ರಾಂಕ ಶುಲ್ಕ, ವಾಹನ ತೆರಿಗೆ ಇಂಥ ಕೆಲವು. ಇವುಗಳನ್ನೂ ವರ್ಷದ ನಡುವೆ ಸರ್ಕಾರಿ ಆದೇಶದಿಂದ ಬದಲಿಸುವುದು ಸಾಮಾನ್ಯ. 2025ರ ಮಾರ್ಚ್ 19ರಂದು ಹೈದರಾಬಾದಿನಲ್ಲಿ ತೆಲಂಗಾಣದ ಉಪಮುಖ್ಯಮಂತ್ರಿ ಮಲ್ಲು ಭಟ್ಟಿ ವಿಕ್ರಮಾರ್ಕ 3,04,965 ಕೋಟಿ ರೂಪಾಯಿಯ ಬಜೆಟ್ಟನ್ನು ವಿಧಾನಸಭೆಯಲ್ಲಿ ಓದಿದರು; ವಿಧಾನ ಪರಿಷತ್ತಿನಲ್ಲಿ ಅದನ್ನು ಮಂಡಿಸಿದವರು ಶಾಸಕಾಂಗ ವ್ಯವಹಾರಗಳ ಮಂತ್ರಿ ಡಿ. ಶ್ರೀಧರ್ ಬಾಬು. ಅಷ್ಟು ದೊಡ್ಡ ಮೊತ್ತದ ಆ ಪುಸ್ತಕಗಳಲ್ಲಿ ವ್ಯಾಪಾರಿಗೆ ರಾತ್ರೋರಾತ್ರಿ ಲಾಭ ತರಬಲ್ಲ ಸುದ್ದಿ ತೀರಾ ಸ್ವಲ್ಪ. ಮಿಕ್ಕದ್ದೆಲ್ಲ ಖರ್ಚಿನ ವಿವರ. ಖರ್ಚನ್ನು ಮುಚ್ಚಿಡಬೇಕಾದ ಕಾರಣ ಮಂಡನೆಗೆ ಮೊದಲೂ ಇಲ್ಲ, ನಂತರವಂತೂ ಇಲ್ಲವೇ ಇಲ್ಲ. ಆದರೂ ಜನರಿಂದ ಹೆಚ್ಚು ಕಾಲ ಮುಚ್ಚಿಟ್ಟಿದ್ದು ಖರ್ಚಿನ ಲೆಕ್ಕವನ್ನೇ.

ಹೈದರಾಬಾದಿಗೆ ಇದು ಹಳೆಯ ಅನುಭವ. ನಿಜಾಮರ ಕಾಲದಲ್ಲಿ ‘ಸರ್ಫ್-ಎ-ಖಾಸ್’ ಎಂಬ ಹೆಸರಿನ ಖಾಸಗಿ ಜಮೀನುಗಳಿದ್ದವು. ಅವುಗಳ ಕಂದಾಯ ರಾಜ್ಯದ ಖಜಾನೆಗೆ ಬಾರದೆ ದೊರೆಯ ಸ್ವಂತ ಬೊಕ್ಕಸ ಸೇರುತ್ತಿತ್ತು. ಅಂದು ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೂ ಇದೇ ಸಂಸ್ಥಾನದಲ್ಲಿದ್ದುದರಿಂದ ಇದು ಕನ್ನಡ ಸೀಮೆಯ ಚರಿತ್ರೆಯೂ ಹೌದು. 1949ರಲ್ಲಿ ಆ ಜಮೀನುಗಳು ರಾಜ್ಯದ ಆಡಳಿತದಲ್ಲಿ ವಿಲೀನವಾದವು. ಪ್ರಜಾಪ್ರಭುತ್ವ ಬಂದ ಮೇಲೂ ಬಜೆಟ್ಟಿನ ಹೊರಗಿನ ಲೆಕ್ಕ ಬೇರೊಂದು ರೂಪದಲ್ಲಿ ಮುಂದುವರಿಯಿತು. ಸರ್ಕಾರ ನಿಗಮವೊಂದನ್ನು ಸ್ಥಾಪಿಸಿ, ಅದರ ಹೆಸರಿನಲ್ಲಿ ಸಾಲ ಎತ್ತಿ, ತೀರಿಸುವ ಹೊಣೆಯನ್ನು ತಾನೇ ಹೊತ್ತರೆ ಆ ಸಾಲ ಬಜೆಟ್ ಪುಸ್ತಕದಲ್ಲಿ ಸಾಲವೆಂದು ಕಾಣುವುದಿಲ್ಲ. ತೆಲಂಗಾಣದ ಕಾಳೇಶ್ವರಂ ನೀರಾವರಿ ಯೋಜನೆಗೆ ಹಣ ಬಂದದ್ದು ಬಹುಮಟ್ಟಿಗೆ ಈ ದಾರಿಯಲ್ಲಿ. ಇಂಥ ಸಾಲಗಳ ಬಗ್ಗೆ ಮಹಾಲೇಖಪಾಲರ ವರದಿಗಳು ಎಚ್ಚರಿಸಿದ್ದವು. 2023ರ ಡಿಸೆಂಬರ್ 20ರಂದು ಹೊಸ ಸರ್ಕಾರ ವಿಧಾನಸಭೆಯಲ್ಲಿ ಶ್ವೇತಪತ್ರ ಹೊರಡಿಸಿ, ನಿಗಮಗಳ ಸಾಲವನ್ನೂ ಸೇರಿಸಿದರೆ ರಾಜ್ಯದ ಒಟ್ಟು ಋಣ 6.71 ಲಕ್ಷ ಕೋಟಿ ರೂಪಾಯಿ ಎಂದಿತು. ಹಿಂದಿನ ಸರ್ಕಾರದ ಪಕ್ಷ ಆ ಲೆಕ್ಕವನ್ನು ಒಪ್ಪಲಿಲ್ಲ. ಒಂದು ರಾಜ್ಯದ ಸಾಲ ಎಷ್ಟೆಂಬುದು ಸದನದಲ್ಲಿ ವಾದಕ್ಕೆ ಬಿದ್ದಿತೆಂಬುದೇ ನಾರ್ತ್ ಬ್ಲಾಕಿನ ನೆಲಮಾಳಿಗೆಯ ಗುಟ್ಟಿಗಿಂತ ಹೆಚ್ಚು ಕಳವಳ ಹುಟ್ಟಿಸುವ ಸಂಗತಿ.

ಖರ್ಚಿನ ಗುಟ್ಟು ಹಳ್ಳಿಯ ಮಟ್ಟದಲ್ಲಿ ಇನ್ನೂ ಕ್ರೂರ. ಬರಗಾಲದ ಕಾಮಗಾರಿಗಳಲ್ಲಿ ಯಾರು ಎಷ್ಟು ದಿನ ದುಡಿದರು, ಎಷ್ಟು ಕೂಲಿ ಪಡೆದರು ಎಂಬುದನ್ನು ಬರೆಯುವ ಹಾಜರಿ ಪಟ್ಟಿಗೆ ಮಸ್ಟರ್ ರೋಲ್ ಎನ್ನುತ್ತಾರೆ. ಕರ್ನಾಟಕದ ಪಂಚಾಯಿತಿಗಳಲ್ಲಿ ಅದರ ರೂಢಿಯ ಹೆಸರು ಎನ್‌ಎಂಆರ್. 1990ರ ದಶಕದಲ್ಲಿ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕೂಲಿಕಾರರು ಆ ಪಟ್ಟಿ ತೋರಿಸಿ ಎಂದು ಕೇಳಿದಾಗ, ಅದು ಅಧಿಕೃತ ರಹಸ್ಯ ಎಂಬ ಉತ್ತರ ಬಂತು. ಹಣಕಾಸು ಮಂತ್ರಿಯ ತೆರಿಗೆ ಪ್ರಸ್ತಾವವನ್ನು ಕಾಯುವ ಕಾಯ್ದೆ, ಸತ್ತವರ ಹೆಸರಿನಲ್ಲಿ ಕೂಲಿ ಎತ್ತಿದವನಿಗೂ ಮರೆಯಾಯಿತು. ಸಂಘಟನೆ ಛಲ ಬಿಡಲಿಲ್ಲ. ಸಿಕ್ಕ ಪಟ್ಟಿಗಳನ್ನು ಊರ ನಡುವೆ ಗಟ್ಟಿಯಾಗಿ ಓದಿಸಿತು. 1994ರಿಂದ ನಡೆದ ಆ ಜನಸುನವಾಯಿಗಳೇ 2005ರ ಮಾಹಿತಿ ಹಕ್ಕು ಕಾಯ್ದೆಗೆ ಬೇರು. ಸಂಪುಟದ ಕಡತಗಳನ್ನು ತೀರ್ಮಾನವಾಗುವವರೆಗೆ ಮಾತ್ರ ಮುಚ್ಚಿಡಬಹುದು, ಆಮೇಲೆ ತೆರೆಯಬೇಕು ಎಂಬ ಅಳತೆಯನ್ನು ಆ ಕಾಯ್ದೆ ಇಟ್ಟಿತು. ಬಜೆಟ್ಟಿನ ಗುಟ್ಟಿಗೂ ಸರಿಹೊಂದುವ ಅಳತೆ ಅದು.

ಇಂಥ ಕೂಲಿಕಾರರಿಗೆ ಕೆಲಸವನ್ನೇ ಹಕ್ಕಾಗಿಸಿದ ಉದ್ಯೋಗ ಖಾತ್ರಿಯ ಹುಟ್ಟಿನಲ್ಲಿ ಬಹುಮಂದಿ ಮರೆತಿರುವ ಹೆಸರೊಂದಿದೆ. ವಿಠ್ಠಲ ಸಖಾರಾಮ ಪಾಗೆ 1960ರಿಂದ 1978ರವರೆಗೆ ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿ. ಸಾಂಗ್ಲಿ ಜಿಲ್ಲೆಯ ತಾಸಗಾಂವ್ ತಾಲ್ಲೂಕಿನ ವಿಸಾಪುರದಲ್ಲಿ ಅವರು ಒಂದು ಪ್ರಯೋಗ ನಡೆಸಿದರು: ಕೆಲಸ ಕೇಳಿಕೊಂಡು ಬಂದ ಪ್ರತಿಯೊಬ್ಬರಿಗೂ ಕೆಲಸ ಕೊಡುವುದು. 1972ರ ಭೀಕರ ಬರ ಆ ಯೋಚನೆಯನ್ನು ಇಡೀ ರಾಜ್ಯದ ಯೋಜನೆಯಾಗಿ ಮಾಡಿತು. 1977ರಲ್ಲಿ ಕಾನೂನಾಯಿತು, 1979ರ ಜನವರಿ 26ರಿಂದ ಜಾರಿಗೆ ಬಂತು. ಅದಕ್ಕೆ ಹಣ ಹೊಂದಿಸಿದ ರೀತಿ ಬಜೆಟ್ ಓದುವವರಿಗೆ ಇನ್ನೂ ಪಾಠವಾಗಬಲ್ಲದು. ನಗರದ ಸಂಬಳದಾರರು, ವೃತ್ತಿನಿರತರು ಕಟ್ಟುವ ವೃತ್ತಿ ತೆರಿಗೆಯನ್ನು 1975ರಲ್ಲಿ ಇದಕ್ಕೆಂದೇ ತಂದು, ಬಂದ ಮೊತ್ತಕ್ಕೆ ಸರ್ಕಾರ ತನ್ನ ಪಾಲನ್ನೂ ಸೇರಿಸುತ್ತಿತ್ತು. ಮುಂಬೈಯ ಗುಮಾಸ್ತ ಕೊಟ್ಟ ತೆರಿಗೆ ಯಾವ ಬದುವಿನ ಮಣ್ಣಿಗೆ ಹೋಯಿತೆಂದು ಹೇಳಬಹುದಾಗಿತ್ತು. ಮತ ಹಾಕುವ ಜನರ ಒತ್ತಡ ನೇರವಾಗಿ ತಾಗದ, ಹಣದ ಮೇಲೆ ಅಧಿಕಾರವೇ ಇಲ್ಲದ ಮನೆಯ ಸಭಾಪತಿಯೊಬ್ಬರು ದೇಶದ ಬಡವರಿಗೆ ಕೊಟ್ಟ ಕೊಡುಗೆ ಇದು. ಮೇಲ್ಮನೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಪಾಗೆಯವರ ಉದಾಹರಣೆಗಿಂತ ಗಟ್ಟಿಯಾದ ಉತ್ತರ ಸಿಗುವುದು ಕಷ್ಟ.

ರಾಷ್ಟ್ರಮಟ್ಟದ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆಯನ್ನು (ನರೇಗಾ) ಸಂಸತ್ತು 2005ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. 2006ರ ಫೆಬ್ರುವರಿ 2ರಂದು ಅಂದಿನ ಪ್ರಧಾನಿ ಮನಮೋಹನ್ ಸಿಂಗ್, ಸ್ವತಃ ರಾಜ್ಯಸಭೆಯ ಸದಸ್ಯರು, ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಯೋಜನೆಗೆ ಚಾಲನೆ ಕೊಟ್ಟರು. ರಾಯದುರ್ಗ, ಮಡಕಶಿರಾ ಕಡೆ ಕನ್ನಡ ಮನೆಮಾತಾಗಿರುವ ಸೀಮೆ ಅದು; ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೊರಡುತ್ತಿದ್ದದ್ದು ಬೆಂಗಳೂರಿಗೆ. ಇತ್ತ ಪಾಲಮೂರು, ನಾರಾಯಣಪೇಟೆ, ಕಲಬುರಗಿ ಕಡೆಯವರು ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಬರುತ್ತಿದ್ದರು. ಹೊಸ ಕಾಯ್ದೆ ಪ್ರತಿ ಗ್ರಾಮೀಣ ಕುಟುಂಬಕ್ಕೆ ವರ್ಷದಲ್ಲಿ 100 ದಿನದ ಕೆಲಸವನ್ನು ಹಕ್ಕಾಗಿ ಕೊಟ್ಟಿತು. ಅರ್ಜಿ ಹಾಕಿದ 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ, ಕೆಲಸ ಮುಗಿದ 15 ದಿನದೊಳಗೆ ಕೂಲಿ, ಫಲಾನುಭವಿಗಳಲ್ಲಿ ಕನಿಷ್ಠ ಮೂರನೇ ಒಂದು ಭಾಗ ಹೆಂಗಸರು. ಮೊದಲು 200 ಜಿಲ್ಲೆಗಳಲ್ಲಿ ಇದ್ದದ್ದು 2008ರ ಏಪ್ರಿಲ್‌ನಿಂದ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ಬಂತು. 2009ರಲ್ಲಿ ಗಾಂಧೀಜಿಯ ಹೆಸರು ಸೇರಿತು. ಕೂಲಿಯ ಹಣವನ್ನು ಕೇಂದ್ರ ಪೂರ್ತಿ ಕೊಡುತ್ತಿತ್ತು, ಸಾಮಗ್ರಿಯ ವೆಚ್ಚದಲ್ಲಿ ಕಾಲು ಭಾಗ ರಾಜ್ಯದ್ದು.

ಕಾಯ್ದೆಯ 17ನೇ ಕಲಂ ಪ್ರಕಾರ ಗ್ರಾಮಸಭೆಯೇ ಕಾಮಗಾರಿಗಳ ಸಾಮಾಜಿಕ ಪರಿಶೋಧನೆ ನಡೆಸಬೇಕಿತ್ತು. ಈ ಕಲಮನ್ನು ಉಳಿದ ರಾಜ್ಯಗಳು ಕಾಗದದಲ್ಲಿ ಬಿಟ್ಟಿದ್ದಾಗ, ಸರ್ಕಾರವೇ ಮುಂದೆ ನಿಂತು ವ್ಯವಸ್ಥಿತವಾಗಿ ಆಚರಣೆಗೆ ತಂದದ್ದು ಹೈದರಾಬಾದಿನಿಂದ ಆಡಳಿತ ನಡೆಸುತ್ತಿದ್ದ ಅವಿಭಜಿತ ಆಂಧ್ರಪ್ರದೇಶ. ರಾಜಸ್ಥಾನದ ಚಳವಳಿಯ ಅನುಭವ ಇಲ್ಲಿ ಸರ್ಕಾರಿ ಪದ್ಧತಿಯಾಯಿತು. 2009ರಲ್ಲಿ ಹೈದರಾಬಾದಿನಲ್ಲಿ ಸಾಮಾಜಿಕ ಪರಿಶೋಧನೆ, ಹೊಣೆಗಾರಿಕೆ ಮತ್ತು ಪಾರದರ್ಶಕತೆಗೆ ಪ್ರತ್ಯೇಕ ಸೊಸೈಟಿ ಹುಟ್ಟಿತು. ರಾಜಸ್ಥಾನದ ಅದೇ ಸಂಘಟನೆಯಲ್ಲಿ ದುಡಿದಿದ್ದ ಸೌಮ್ಯಾ ಕಿಡಂಬಿ ಅದರ ನಿರ್ದೇಶಕಿಯಾಗಿ ದೀರ್ಘಕಾಲ ನಡೆಸಿದರು. ಕಾಮಗಾರಿ ನಡೆಸುವ ಇಲಾಖೆಯ ಕೈಕೆಳಗೆ ಪರಿಶೋಧಕರು ಇರಬಾರದೆಂಬುದು ಈ ಏರ್ಪಾಡಿನ ತಿರುಳು. ಅದಕ್ಕಾಗಿ ಯೋಜನೆಯ ಒಟ್ಟು ವೆಚ್ಚದ ಶೇ 0.5ರಷ್ಟನ್ನು ಸೊಸೈಟಿಗೆ ಎತ್ತಿಟ್ಟರು.

ಕೆಲಸ ನಡೆಯುವ ಬಗೆ ಸರಳ. ಕೂಲಿ ಕುಟುಂಬಗಳದೇ ಓದಿದ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ತಮ್ಮ ಊರಲ್ಲದ ಊರಿಗೆ ಕಳಿಸುತ್ತಾರೆ. ಮಂಡಲ ಕಚೇರಿ ಮಸ್ಟರ್ ರೋಲ್, ಅಳತೆ ಪುಸ್ತಕ, ಪಾವತಿ ವಿವರಗಳನ್ನು ಮೊದಲೇ ಅವರ ಕೈಗೆ ಒಪ್ಪಿಸಬೇಕು. ತಂಡ ಹಳ್ಳಿಯಲ್ಲೇ ಉಳಿದು, ಮನೆ ಮನೆಗೆ ಹೋಗಿ, ಜಾಬ್ ಕಾರ್ಡ್ ಪಕ್ಕಕ್ಕೆ ಪಟ್ಟಿಯನ್ನಿಟ್ಟು ಓದಿ ಹೇಳುತ್ತದೆ: ಇಷ್ಟು ದಿನ ದುಡಿದಿರೆಂದು ಬರೆದಿದೆ, ಇಷ್ಟು ಕೂಲಿ ಕೊಟ್ಟಿದ್ದೇವೆಂದು ಬರೆದಿದೆ, ಸರಿಯೇ? ಹೂಳೆತ್ತಿದ ಕೆರೆ, ಹಾಕಿದ ಬದು, ತೋಡಿದ ಹೊಂಡಗಳನ್ನು ಟೇಪು ಹಿಡಿದು ಅಳೆಯುತ್ತಾರೆ. ಊರು ಬಿಟ್ಟವರ, ತೀರಿಕೊಂಡವರ ಹೆಸರಿನ ಹಾಜರಿ, ಯಂತ್ರದಿಂದ ಮಾಡಿಸಿ ಕೈಕೆಲಸವೆಂದು ತೋರಿಸಿದ ಕಾಮಗಾರಿ, ಹಳೆಯ ಹೊಂಡಕ್ಕೆ ಹೊಸ ಬಿಲ್ಲು, ಕೂಲಿ ಹಂಚುವಾಗ ಹಿಡಿದುಕೊಂಡ ಪಾಲು ಇವೆಲ್ಲ ಹೀಗೇ ಹೊರಬಂದವು. ಗ್ರಾಮಸಭೆಯಲ್ಲಿ ಓದಿದ ಮೇಲೆ ಮಂಡಲ ಮಟ್ಟದ ‘ಪ್ರಜಾ ವೇದಿಕೆ’ಯಲ್ಲಿ ಮೇಲಧಿಕಾರಿಗಳ ಎದುರು ವಿಚಾರಣೆ ನಡೆಯುತ್ತದೆ, ಫೀಲ್ಡ್ ಅಸಿಸ್ಟೆಂಟ್‌ನಿಂದ ಎಂಜಿನಿಯರ್‌ವರೆಗೆ ಹೆಸರು ಬಂದವರು ಜನರ ಮುಂದೆ ಉತ್ತರ ಹೇಳಬೇಕು. ಅಕ್ಷರ ಬಾರದ ಕೂಲಿಯವರ ಮುಂದೆ ಸರ್ಕಾರದ ಲೆಕ್ಕವನ್ನು ಸರ್ಕಾರವೇ ಓದಿ ಹೇಳುವುದು ಈ ದೇಶದ ಆಡಳಿತದಲ್ಲಿ ಅದಕ್ಕೆ ಮುಂಚೆ ಬಹುಶಃ ಎಲ್ಲಿಯೂ ಇಷ್ಟು ದೊಡ್ಡ ಪ್ರಮಾಣದಲ್ಲಿ ನಡೆದಿರಲಿಲ್ಲ. 2011ರಲ್ಲಿ ಕೇಂದ್ರ ಸರ್ಕಾರ ಮಹಾಲೇಖಪಾಲರೊಂದಿಗೆ ಚರ್ಚಿಸಿ ಮಾಡಿದ ಪರಿಶೋಧನಾ ನಿಯಮಗಳಿಗೆ ಆಂಧ್ರದ ಈ ಪದ್ಧತಿಯೇ ಮಾದರಿ.

ಇದರಿಂದ ಕಳವು ನಿಂತಿತೇ? ಪೂರ್ತಿ ನಿಲ್ಲಲಿಲ್ಲ. ಅರ್ಥಶಾಸ್ತ್ರಜ್ಞರಾದ ಫರ್ಜಾನಾ ಅಫ್ರಿದಿ ಮತ್ತು ವೇಗಾರ್ಡ್ ಐವರ್ಸನ್ 2006ರಿಂದ 2010ರವರೆಗಿನ ಆಂಧ್ರದ ಪರಿಶೋಧನಾ ವರದಿಗಳನ್ನು ಕಲೆಹಾಕಿ ನೋಡಿದಾಗ, ಕೂಲಿ ಹಣದ ಅಕ್ರಮ ಸ್ವಲ್ಪ ತಗ್ಗಿ, ಸಾಮಗ್ರಿಯ ಬಿಲ್ಲುಗಳಲ್ಲಿ ಅಕ್ರಮ ಹೆಚ್ಚಿದ್ದು ಕಂಡುಬಂತು. ಕೂಲಿಯವರು ತಮ್ಮ ಹಾಜರಿಯನ್ನು ಗುರುತಿಸಬಲ್ಲರು. ಸಿಮೆಂಟು, ಜಲ್ಲಿಯ ಲೆಕ್ಕವನ್ನು ಗುರುತಿಸುವುದು ಅಷ್ಟು ಸುಲಭವಲ್ಲ. ಸಿಕ್ಕಿಬಿದ್ದವರಿಗೆ ಶಿಕ್ಷೆಯಾದದ್ದೂ ವಿರಳ. ಆ ಕೊರತೆ ತುಂಬಲೆಂದೇ ಆಂಧ್ರಪ್ರದೇಶ 2012ರಲ್ಲಿ ಸಾಮಾಜಿಕ ಪರಿಶೋಧನೆಗೆ ಉತ್ತೇಜನ ಕೊಡುವ, ಭ್ರಷ್ಟ ನಡವಳಿಕೆ ತಡೆಯುವ ಪ್ರತ್ಯೇಕ ಕಾಯ್ದೆ ತಂದಿತು. ಇನ್ನೊಂದು ದಾರಿಯಿಂದಲೂ ಪ್ರಯತ್ನ ನಡೆದಿತ್ತು: ಬೆರಳಚ್ಚು ಒತ್ತಿ ಕೂಲಿ ಪಡೆಯುವ ಸ್ಮಾರ್ಟ್‌ಕಾರ್ಡ್ ವ್ಯವಸ್ಥೆ. 2010ರಿಂದ ಎಂಟು ಜಿಲ್ಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ಕಾರ್ಡ್ ಬಂದ ಮಂಡಲಗಳಲ್ಲಿ ಕೂಲಿ ಬೇಗ ಕೈಸೇರಿದ್ದು, ಸೋರಿಕೆ ಇಳಿದದ್ದು ಕಂಡಿತು. ಯಂತ್ರ ಹಣವನ್ನು ಸರಿಯಾದ ಕೈಗೆ ಮುಟ್ಟಿಸುತ್ತದೆ. ಕೆರೆಯ ಹೂಳು ನಿಜಕ್ಕೂ ಎತ್ತಿದ್ದಾರೆಯೇ ಎಂದು ಕೇಳಲು ಊರಿನವರೇ ಬೇಕು.

ಊರಿನ ಮಟ್ಟದಲ್ಲಿ ಲೆಕ್ಕ ಇಡುವವರ ಸ್ಥಿತಿಯೂ ಭದ್ರವಾಗಿರಲಿಲ್ಲ. ತೆಲಂಗಾಣದಲ್ಲಿ ಏಳು ಸಾವಿರಕ್ಕೂ ಹೆಚ್ಚು ಫೀಲ್ಡ್ ಅಸಿಸ್ಟೆಂಟರನ್ನು 2020ರಲ್ಲಿ ಮುಷ್ಕರದ ನಂತರ ಕೆಲಸದಿಂದ ತೆಗೆದರು. 2022ರಲ್ಲಿ ಮರಳಿ ತೆಗೆದುಕೊಂಡರು. ಅದೇ ವರ್ಷ ರೈತರ ಫಸಲು ಒಣಗಿಸುವ ಕಣಗಳನ್ನು ಉದ್ಯೋಗ ಖಾತ್ರಿ ಹಣದಲ್ಲಿ ಕಟ್ಟಿಸಿದ್ದು ನಿಯಮಕ್ಕೆ ಹೊರತು, ಹಣ ಮರಳಿಸಿ ಎಂದು ಕೇಂದ್ರ ಪಟ್ಟುಹಿಡಿದು ರಾಜ್ಯದೊಂದಿಗೆ ಜಗಳವಾಯಿತು. 2024ರ ಫೆಬ್ರುವರಿಯಲ್ಲಿ ಅವಧಿ ಮುಗಿದ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2025ರ ಡಿಸೆಂಬರ್‌ನಲ್ಲಿ. ನಡುವಿನ ಕಾಲ ವಿಶೇಷಾಧಿಕಾರಿಗಳ ಆಡಳಿತ.

ಈ ಎಲ್ಲ ಲೆಕ್ಕ ಕೊನೆಗೆ ಹೋಗಬೇಕಾದದ್ದು ಶಾಸಕಾಂಗಕ್ಕೆ. ಅಲ್ಲಿ ಹಣದ ಕೀಲಿಕೈ ಕೆಳಮನೆಯದು. ಇದರ ಹಿಂದೆ ದೊಡ್ಡ ಹೋರಾಟವಿದೆ. 1909ರಲ್ಲಿ ಲಾಯ್ಡ್ ಜಾರ್ಜ್ ಶ್ರೀಮಂತರ ಮೇಲೆ ತೆರಿಗೆ ಹಾಕಿ ತಂದ ಬಜೆಟ್ಟನ್ನು ಬ್ರಿಟನ್ನಿನ ಲಾರ್ಡ್‌ಗಳ ಸಭೆ ತಿರಸ್ಕರಿಸಿತು. ಚುನಾವಣೆಗಳೇ ನಡೆದು, 1911ರ ಕಾಯ್ದೆಯಿಂದ ಲಾರ್ಡ್‌ಗಳಿಗೆ ಧನ ಮಸೂದೆಯನ್ನು ಒಂದು ತಿಂಗಳಿಗಿಂತ ಹೆಚ್ಚು ತಡೆಯುವ ಅಧಿಕಾರ ಹೋಯಿತು. ಭಾರತದ ಸಂವಿಧಾನ ಆ ಅವಧಿಯನ್ನು 14 ದಿನಕ್ಕೆ ಇಳಿಸಿತು: ರಾಜ್ಯಸಭೆಗೆ 109ನೇ ವಿಧಿ, ವಿಧಾನ ಪರಿಷತ್ತುಗಳಿಗೆ 198ನೇ ವಿಧಿ. ಇಲಾಖೆಗಳ ಬೇಡಿಕೆಗಳ ಮೇಲೆ ಮತ ಹಾಕುವುದು ಕೆಳಮನೆ ಮಾತ್ರ. ಮೇಲ್ಮನೆ ಚರ್ಚಿಸಬಹುದು, ಸಲಹೆ ಕೊಡಬಹುದು. ಒಪ್ಪುವುದು ಬಿಡುವುದು ಕೆಳಮನೆಯ ಇಷ್ಟ. 2017ರಲ್ಲಿ ರಾಜ್ಯಸಭೆ ಹಣಕಾಸು ಮಸೂದೆಗೆ ಐದು ತಿದ್ದುಪಡಿ ಮಾಡಿತು, ಲೋಕಸಭೆ ಐದನ್ನೂ ತಳ್ಳಿಹಾಕಿತು. 2016ರಲ್ಲಿ ಆಧಾರ್ ಕಾಯ್ದೆಯನ್ನೇ ಧನ ಮಸೂದೆಯೆಂದು ಕರೆದು ರಾಜ್ಯಸಭೆಯ ಒಪ್ಪಿಗೆಯಿಂದ ತಪ್ಪಿಸಲಾಯಿತು. ಸುಪ್ರೀಂ ಕೋರ್ಟ್ 2018ರಲ್ಲಿ ಬಹುಮತದಿಂದ ಅದನ್ನು ಎತ್ತಿಹಿಡಿದರೂ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಭಿನ್ನಮತದ ತೀರ್ಪು ಬರೆದರು. ಧನ ಮಸೂದೆ ಯಾವುದು ಎಂಬ ಪ್ರಶ್ನೆ 2019ರಲ್ಲಿ ದೊಡ್ಡ ಪೀಠಕ್ಕೆ ಹೋಯಿತು.

ಹದಿನಾಲ್ಕು ದಿನದ ಅಧಿಕಾರ ಏನು ಮಾಡಬಲ್ಲದೆಂಬುದಕ್ಕೆ ಆಂಧ್ರಪ್ರದೇಶದಲ್ಲಿ ಉದಾಹರಣೆ ಸಿಗುತ್ತದೆ. 2020ರ ಜೂನ್ 17ರಂದು ಅಲ್ಲಿನ ಪರಿಷತ್ತು ಗದ್ದಲದಲ್ಲಿ ಧನವಿನಿಯೋಗ ಮಸೂದೆಯನ್ನು ಅಂಗೀಕರಿಸದೆಯೇ ಅನಿರ್ದಿಷ್ಟ ಕಾಲ ಮುಂದಕ್ಕೆ ಹೋಯಿತು. 14 ದಿನ ಕಳೆದ ಮೇಲೆ ಮಸೂದೆ ತಾನಾಗಿ ಅಂಗೀಕಾರವಾದಂತಾಯಿತು. ಅಷ್ಟರಲ್ಲಿ ಖಜಾನೆಯಿಂದ ಹಣ ತೆಗೆಯಲಾಗದೆ ಸರ್ಕಾರಿ ನೌಕರರ ಸಂಬಳ ತಡವಾಯಿತು. ಒಂದೇ ಒಂದು ಖರ್ಚನ್ನೂ ಆ ಪರಿಷತ್ತು ಪರಿಶೀಲಿಸಲಿಲ್ಲ, ತಿದ್ದಲಿಲ್ಲ. ತಡೆಯುವ ಅಧಿಕಾರವನ್ನು ಪಕ್ಷಗಳ ಜಗಳಕ್ಕೆ ಬಳಸಿದ್ದೇ ಆಂಧ್ರದ ಮೇಲ್ಮನೆಯ ಇಡೀ ಚರಿತ್ರೆಯಲ್ಲಿ ಮರುಕಳಿಸುವ ಕಥೆ.

ಆಂಧ್ರಪ್ರದೇಶದ ಪರಿಷತ್ತು 1958ರ ಜುಲೈ 1ರಂದು 90 ಸದಸ್ಯರೊಂದಿಗೆ ಅಸ್ತಿತ್ವಕ್ಕೆ ಬಂದು, ಅದೇ ತಿಂಗಳು ರಾಷ್ಟ್ರಪತಿ ರಾಜೇಂದ್ರ ಪ್ರಸಾದರಿಂದ ಉದ್ಘಾಟನೆಗೊಂಡಿತು. 1983ರಲ್ಲಿ ಎನ್.ಟಿ. ರಾಮರಾವ್ ಅಧಿಕಾರಕ್ಕೆ ಬಂದಾಗ ವಿಧಾನಸಭೆ ತೆಲುಗು ದೇಶಂನದು, ಪರಿಷತ್ತು ಕಾಂಗ್ರೆಸ್ಸಿನದು. ಪರಿಷತ್ತನ್ನೇ ರದ್ದುಮಾಡುವ ನಿರ್ಣಯ ಮೊದಲ ಸಲ ದೆಹಲಿಯಲ್ಲಿ ನಿಂತಿತು. 1985ರ ಏಪ್ರಿಲ್‌ನಲ್ಲಿ ಮತ್ತೆ ನಿರ್ಣಯ ಮಾಡಿದ ಮೇಲೆ ಸಂಸತ್ತು ಒಪ್ಪಿ, ಅದೇ ವರ್ಷದ ಜೂನ್ 1ರಂದು ಪರಿಷತ್ತು ಇಲ್ಲವಾಯಿತು. 169ನೇ ವಿಧಿ ಇದನ್ನು ಸುಲಭ ಮಾಡಿದೆ: ವಿಧಾನಸಭೆಯ ವಿಶೇಷ ಬಹುಮತದ ನಿರ್ಣಯ, ಸಂಸತ್ತಿನ ಸಾಮಾನ್ಯ ಕಾನೂನು, ಇಷ್ಟೇ ಸಾಕು, ಸಂವಿಧಾನ ತಿದ್ದುಪಡಿಯ ಕಷ್ಟ ಬೇಡ. ಮರುಹುಟ್ಟಿಗೆ 1990ರಲ್ಲಿ ನಡೆದ ಪ್ರಯತ್ನ ಲೋಕಸಭೆಯ ವಿಸರ್ಜನೆಯಿಂದ ಮುರಿಯಿತು. ವೈ.ಎಸ್. ರಾಜಶೇಖರ ರೆಡ್ಡಿ 2004ರಲ್ಲಿ ಮತ್ತೆ ಆರಂಭಿಸಿ, 2007ರ ಮಾರ್ಚ್‌ನಲ್ಲಿ ಪರಿಷತ್ತು ಮರಳಿ ಬಂತು. ಅವರ ಮಗ ಜಗನ್ಮೋಹನ ರೆಡ್ಡಿ ಮುಖ್ಯಮಂತ್ರಿಯಾದಾಗ ರಾಜ್ಯಕ್ಕೆ ಮೂರು ರಾಜಧಾನಿ ಮಾಡುವ ಮಸೂದೆಗಳನ್ನು ಪರಿಷತ್ತು ಆಯ್ಕೆ ಸಮಿತಿಗೆ ಕಳಿಸಿತೆಂಬ ಸಿಟ್ಟಿನಲ್ಲಿ, 2020ರ ಜನವರಿ 27ರಂದು ಅದನ್ನು ರದ್ದುಮಾಡುವ ನಿರ್ಣಯ ತಂದರು. ಮುಂದೆ ಪರಿಷತ್ತಿನಲ್ಲಿ ತಮ್ಮದೇ ಬಹುಮತ ಬಂದಾಗ, 2021ರ ನವೆಂಬರ್‌ನಲ್ಲಿ, ನಿರ್ಣಯ ಹಿಂತೆಗೆದುಕೊಂಡರು. ಈ ಮನೆಯ ಕೆಲಸವೇನು ಎಂಬ ಪ್ರಶ್ನೆ ಯಾವ ಸಲವೂ ಮುಖ್ಯವಾಗಲಿಲ್ಲ.

2014ರ ಜೂನ್ 2ರಂದು ರಾಜ್ಯ ಒಡೆದಾಗ ಹೈದರಾಬಾದಿನಲ್ಲಿ ಉಳಿದದ್ದು ತೆಲಂಗಾಣದ 40 ಸದಸ್ಯರ ಪರಿಷತ್ತು. ಸದಸ್ಯರ ಸಂಖ್ಯೆ ವಿಧಾನಸಭೆಯ ಮೂರನೇ ಒಂದು ಭಾಗ ಮೀರಬಾರದು, ಆದರೆ 40ಕ್ಕಿಂತ ಕಡಿಮೆಯೂ ಆಗಬಾರದು ಎಂಬುದು 171ನೇ ವಿಧಿಯ ನಿಯಮ. 119 ಸ್ಥಾನದ ವಿಧಾನಸಭೆಯ ಮೂರನೇ ಒಂದು ಭಾಗ 40 ಮುಟ್ಟುವುದಿಲ್ಲ. ಕನಿಷ್ಠ ಮಿತಿಯೇ ಇಲ್ಲಿ ಸಂಖ್ಯೆಯನ್ನು ನಿರ್ಧರಿಸಿತು. 14 ಮಂದಿಯನ್ನು ಶಾಸಕರು, 14 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, ತಲಾ ಮೂವರನ್ನು ಪದವೀಧರರು ಮತ್ತು ಶಿಕ್ಷಕರು ಆರಿಸುತ್ತಾರೆ. ಆರು ಮಂದಿಯನ್ನು ರಾಜ್ಯಪಾಲರು ನಾಮನಿರ್ದೇಶನ ಮಾಡುತ್ತಾರೆ. ಆ ಆರು ಸ್ಥಾನಗಳೂ ವಿವಾದ ತಪ್ಪಿಸಿಕೊಳ್ಳಲಿಲ್ಲ. 2023ರಲ್ಲಿ ಸಂಪುಟ ಕಳಿಸಿದ ಎರಡು ಹೆಸರನ್ನು ರಾಜ್ಯಪಾಲೆ ತಮಿಳಿಸೈ ಸೌಂದರರಾಜನ್ ತಿರಸ್ಕರಿಸಿ, ವ್ಯಾಜ್ಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು.

ಸುಧಾರಣೆಯ ಮಾತು ಬಂದಾಗಲೆಲ್ಲ ರದ್ದು ಮಾಡಬೇಕೇ ಉಳಿಸಬೇಕೇ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಮೇಲ್ಮನೆಗಳನ್ನು ತಿದ್ದಿದ ಅನುಭವವೂ ಪ್ರಪಂಚದಲ್ಲಿದೆ. ಬ್ರಿಟನ್ 1999ರಲ್ಲಿ ವಂಶಪಾರಂಪರ್ಯದ ಲಾರ್ಡ್‌ಗಳಲ್ಲಿ 92 ಮಂದಿಯನ್ನು ಬಿಟ್ಟು ಉಳಿದವರನ್ನು ಹೊರಗಿಟ್ಟಿತು. ಭಾರತ 2003ರಲ್ಲಿ ರಾಜ್ಯಸಭೆಗೆ ಬಹಿರಂಗ ಮತದಾನ ತಂದು, ಅಭ್ಯರ್ಥಿ ಅದೇ ರಾಜ್ಯದ ನಿವಾಸಿಯಾಗಿರಬೇಕೆಂಬ ಷರತ್ತನ್ನು ತೆಗೆದುಹಾಕಿತು. 2006ರಲ್ಲಿ ಕುಲದೀಪ್ ನಯ್ಯರ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ರಾಜ್ಯಗಳ ಸಭೆಯಲ್ಲಿ ರಾಜ್ಯದ ನಂಟೇ ಬೇಡವೆಂದ ಆ ಬದಲಾವಣೆಯನ್ನು ಸುಧಾರಣೆ ಎನ್ನುವುದು ಕಷ್ಟ.

ವಿಧಾನ ಪರಿಷತ್ತಿಗೆ ಬೇಕಾದ ತಿದ್ದುಪಡಿಯ ಸುಳಿವು ಅದರ ಮತದಾರರ ಪಟ್ಟಿಯಲ್ಲೇ ಇದೆ. ಕರ್ನಾಟಕದಲ್ಲಿ ಪರಿಷತ್ತಿನ 75 ಸದಸ್ಯರಲ್ಲಿ 25 ಮಂದಿಯನ್ನು ಆರಿಸುವ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗೂ ಮತವಿದೆ. ಉದ್ಯೋಗ ಖಾತ್ರಿ ಕಾಮಗಾರಿಯ ಪಟ್ಟಿ ಮಾಡುವವರು, ಜಾಬ್ ಕಾರ್ಡ್ ಹಿಡಿದು ಬಂದವರ ಮುಖ ನೋಡಿ ಮಾತಾಡುವವರು ಅವರು. ತೆಲಂಗಾಣದಲ್ಲಿ ಆ ಮತ ಇರುವುದು ಮಂಡಲ ಮತ್ತು ಜಿಲ್ಲಾ ಪರಿಷತ್ ಸದಸ್ಯರಿಗೆ, ಪುರಸಭೆಗಳವರಿಗೆ. ಗ್ರಾಮದ ಸರಪಂಚರಿಗೆ ಇಲ್ಲ. ಪದವೀಧರರಿಗೆ, ಪ್ರೌಢಶಾಲೆಯಿಂದ ಮೇಲಿನ ಶಿಕ್ಷಕರಿಗೆ ಪ್ರತ್ಯೇಕ ಕ್ಷೇತ್ರ ಕೊಟ್ಟ ವ್ಯವಸ್ಥೆಯಲ್ಲಿ ಹೊಲದಲ್ಲಿ ದುಡಿಯುವವರಿಗೆ ಒಂದೂ ಸ್ಥಾನವಿಲ್ಲ. 1950ರಲ್ಲಿ ಪದವಿ ಪಡೆದವರು ವಿರಳವಾಗಿದ್ದಾಗ ಅದಕ್ಕೆ ಒಂದು ಅರ್ಥವಿತ್ತು. ಇಂದು ಉಳಿಸಿಕೊಳ್ಳಲು ಯೋಗ್ಯವಾದ ಕಾರಣ ಕಾಣುವುದಿಲ್ಲ.

ಎರಡನೆಯದು ಕೆಲಸದ ಹಂಚಿಕೆ. ಸಂಸತ್ತಿನ ಲೆಕ್ಕಪತ್ರ ಸಮಿತಿಯ 22 ಸದಸ್ಯರಲ್ಲಿ ಏಳು ಮಂದಿ ರಾಜ್ಯಸಭೆಯವರು. ಖರ್ಚಿಗೆ ಒಪ್ಪಿಗೆ ಕೊಡುವ ಅಧಿಕಾರವಿಲ್ಲದ ಮನೆಗೆ ಆದ ಖರ್ಚನ್ನು ಪರೀಕ್ಷಿಸುವ ಹಕ್ಕು ಹೀಗೆ ಸಿಕ್ಕಿದೆ. ತೆಲಂಗಾಣದ ಲೆಕ್ಕಪತ್ರ ಸಮಿತಿಯಲ್ಲೂ ಪರಿಷತ್ತಿನ ಸದಸ್ಯರಿಗೆ ಸ್ಥಾನವಿದೆ. ಉದ್ಯೋಗ ಖಾತ್ರಿ ಕಾಯ್ದೆಯ 12ನೇ ಕಲಂ ಪ್ರಕಾರ ರಾಜ್ಯದ ಉದ್ಯೋಗ ಖಾತ್ರಿ ಮಂಡಳಿಯ ವಾರ್ಷಿಕ ವರದಿ ಶಾಸಕಾಂಗದ ಮುಂದೆ ಬರಬೇಕಿತ್ತು. ಸಾಮಾಜಿಕ ಪರಿಶೋಧನೆಯಲ್ಲಿ ಹೊರಬಿದ್ದ ಸಂಗತಿಗಳು ಅದರೊಂದಿಗೆ ಪರಿಷತ್ತಿನ ಸಮಿತಿಯೊಂದರ ಮೇಜಿಗೆ ಬಂದು, ಹಣ ತಿಂದವರಿಂದ ವಸೂಲಾಯಿತೇ ಎಂದು ಕಾರ್ಯದರ್ಶಿಯನ್ನು ಕರೆದು ಕೇಳುವಂತಾದರೆ ಪ್ರಜಾ ವೇದಿಕೆಯಲ್ಲಿ ಎದ್ದು ನಿಂತ ಕೂಲಿಯ ದೂರಿಗೆ ರಾಜಧಾನಿಯಲ್ಲಿ ಉತ್ತರ ಹೇಳುವವರು ಇರುತ್ತಾರೆ. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ. ಸದನದ ಕಾರ್ಯವಿಧಾನ ನಿಯಮಗಳಲ್ಲಿ ಸೇರಿಸಿದರೆ ಸಾಕು.

ಈ ಅಗತ್ಯ ಈಗ ಇನ್ನೂ ಹೆಚ್ಚಿದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಕಾಯ್ದೆಯ ಜಾಗಕ್ಕೆ ‘ವಿಕಸಿತ ಭಾರತ ರೋಜ್‌ಗಾರ್ ಮತ್ತು ಆಜೀವಿಕಾ ಖಾತ್ರಿ ಮಿಷನ್ (ಗ್ರಾಮೀಣ)’ ಕಾಯ್ದೆಯನ್ನು ತಂದಿತು. ಲೋಕಸಭೆಯಲ್ಲಿ 18ರಂದು ಅಂಗೀಕಾರವಾದ ಮಸೂದೆಗೆ ರಾಜ್ಯಸಭೆ ಅದೇ ರಾತ್ರಿ, ನಡುರಾತ್ರಿ ದಾಟುವವರೆಗೆ ಚರ್ಚಿಸಿ, ಧ್ವನಿಮತದಿಂದ ಒಪ್ಪಿಗೆ ಕೊಟ್ಟಿತು. ದೇಶದ ಅತಿ ದೊಡ್ಡ ಕೂಲಿ ಹಕ್ಕನ್ನು ಬದಲಿಸುವ ಮಸೂದೆ ಸ್ಥಾಯಿ ಸಮಿತಿಯ ಪರಿಶೀಲನೆಗೂ ಹೋಗಲಿಲ್ಲ. ಕೆಲಸದ ದಿನಗಳು 100ರಿಂದ 125ಕ್ಕೆ ಏರಿದವು. ಬಿತ್ತನೆ, ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ 60 ದಿನ ಕಾಮಗಾರಿ ನಿಲ್ಲಿಸಲು ಅವಕಾಶ ಬಂತು. ಮುಖ್ಯವಾಗಿ, ಬಹುಪಾಲು ರಾಜ್ಯಗಳು ಕೂಲಿಯೂ ಸೇರಿದ ವೆಚ್ಚದಲ್ಲಿ ಶೇ 40ರಷ್ಟನ್ನು ತಾವೇ ಭರಿಸಬೇಕು. ಕೇಂದ್ರ ರಾಜ್ಯವಾರು ಮಿತಿ ಗೊತ್ತುಮಾಡುತ್ತದೆ, ಅದನ್ನು ಮೀರಿದ ಹೊರೆ ರಾಜ್ಯದ್ದೇ. ಕೂಲಿ ಹಣ ಇಷ್ಟು ದಿನ ದೆಹಲಿಯ ಬಜೆಟ್ಟಿನ ಸಂಗತಿಯಾಗಿತ್ತು. ಇನ್ನು ಅದು ಹೈದರಾಬಾದಿನ, ಬೆಂಗಳೂರಿನ ಬಜೆಟ್ಟುಗಳಲ್ಲೂ ದೊಡ್ಡ ಬಾಬ್ತಾಗಿ ಕಾಣಿಸಬೇಕು, ವಿಧಾನಸಭೆ ಅದಕ್ಕೆ ಮತ ಹಾಕಬೇಕು, 14 ದಿನದೊಳಗೆ ಪರಿಷತ್ತು ಅದರ ಮೇಲೆ ತನ್ನ ಮಾತು ಹೇಳಬೇಕು. ಕಳೆದ ವರ್ಷ ಎಷ್ಟು ಕುಟುಂಬಗಳು ಕೆಲಸ ಕೇಳಿದವು, ಎಷ್ಟಕ್ಕೆ ಸಿಕ್ಕಿತು, ಎಷ್ಟು ಕೂಲಿ ಬಾಕಿ ಉಳಿದಿದೆ, ಪರಿಶೋಧನೆಯಲ್ಲಿ ಸಿಕ್ಕ ಎಷ್ಟು ಹಣ ಮರಳಿ ಬಂತು ಎಂಬ ನಾಲ್ಕು ಅಂಕಣಗಳನ್ನು ಜಿಲ್ಲೆವಾರು ಬಜೆಟ್ ಪುಸ್ತಕಕ್ಕೆ ಸೇರಿಸಿ ಮಂಡನೆಗೆ ವಾರದ ಮುಂಚೆಯೇ ಎರಡೂ ಮನೆಗಳ ಸದಸ್ಯರಿಗೆ ಕೊಟ್ಟರೆ ಯಾವ ವ್ಯಾಪಾರಿಗೂ ಲಾಭವಾಗುವುದಿಲ್ಲ, ಯಾವ ತೆರಿಗೆಯ ಗುಟ್ಟೂ ಒಡೆಯುವುದಿಲ್ಲ.